ಗರಡಿಯ ಕೆಮ್ಮಣ್ಣು, ಅಂಚೆಯಲ್ಲಿ ಬಂದ ಕಸರತ್ತು

ನಮ್ಮೂರಿನ ಗರಡಿ ಮನೆಯ ಬಾಗಿಲು ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಒಳಗೆ ಹೋಗುವವರು ಯಾರೇ ಆಗಲಿ ಬಗ್ಗಲೇಬೇಕು. ಹೊಸಕೋಟೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಈ ಕಟ್ಟಡವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಒಳಗೆ ಕಾಲಿಟ್ಟದ್ದು ಕಳೆದ ವರ್ಷ, ಅದೂ ಸಂಶೋಧನೆಯ ಕೆಲಸಕ್ಕಾಗಿ. ಹಳೇ ಮೈಸೂರು ಸೀಮೆಯಲ್ಲಿ ಅಂಗಸಾಧನೆಯ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ಎರಡು ವರ್ಷ ಗ್ರಂಥಾಲಯಗಳಲ್ಲಿ ಕೂತು ಗರಡಿಗಳ ಬಗ್ಗೆ ಓದಿದವನು, ಮನೆಯಿಂದ ಮುನ್ನೂರು ಹೆಜ್ಜೆ ದೂರದ ಗರಡಿಯನ್ನು ನೋಡಿರಲಿಲ್ಲ.

ಒಳಗೆ ಜಾತ್ರೆಯ ಶಾಮಿಯಾನದ ಗಳುಗಳು, ಎರಡು ಸೌಂಡ್ ಬಾಕ್ಸು, ಕಾಲು ಮುರಿದ ಬೆಂಚು, ಖಾಲಿ ಗೊಬ್ಬರದ ಚೀಲಗಳು ಇದ್ದವು. ನಡುವೆ ಮಟ್ಟಿಯ ಗುಂಡಿ. ಹಿಮ್ಮಡಿಯಿಂದ ಒತ್ತಿದರೂ ಗುರುತು ಬೀಳದಷ್ಟು ಮಣ್ಣು ಗಟ್ಟಿಯಾಗಿತ್ತು. ಗೂಡಿನಲ್ಲಿ ಎಣ್ಣೆಮಸಿ ಹಿಡಿದ ಆಂಜನೇಯ. ಮೂಲೆಯಲ್ಲಿ ಎರಡು ಕಲ್ಲುಗುಂಡು, ಹಿಡಿ ಸವೆದ ಒಂದು ಮರದ ಗದೆ. ಬೀಗದ ಕೈ ಹಿಡಿದು ಬಂದಿದ್ದ ಹಿರಿಯರು ಎಪ್ಪತ್ತು ದಾಟಿದವರು. ಹದಿನಾಲ್ಕನೇ ವಯಸ್ಸಿನಿಂದ ಮದುವೆಯಾಗಿ ಎರಡು ಮಕ್ಕಳಾಗುವವರೆಗೂ ಇಲ್ಲಿ ಸಾಮು ಮಾಡಿದವರು.

ನನ್ನ ಪ್ರಶ್ನಾವಳಿಯಲ್ಲಿದ್ದ ಒಂದು ಪ್ರಶ್ನೆಯನ್ನು ಅವರಿಗೆ ಕೇಳಿದೆ. ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಬರೋದಕ್ಕೆ ಮನಸ್ಸು ಹೇಗೆ ಗಟ್ಟಿ ಮಾಡ್ಕೊಳ್ತಿದ್ರಿ? ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೊಂದು ಸಲ ಬಿಡಿಸಿ ಕೇಳಿದಾಗ ನಕ್ಕು ಹೇಳಿದರು: “ಮನಸ್ಸೇನು ಗಟ್ಟಿ ಮಾಡೋದು? ಬರದೇ ಹೋದ್ರೆ ಉಸ್ತಾದ್ರು ಮನೆ ಬಾಗಿಲಿಗೇ ಬರೋರು.”

ಆ ಪ್ರಶ್ನೆ ನನ್ನ ಪ್ರಬಂಧಕ್ಕೆ ಮಾತ್ರ ಬೇಕಾದದ್ದಾಗಿರಲಿಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ ನನ್ನ ರಕ್ತಪರೀಕ್ಷೆಯಾಗಿತ್ತು. ಬರಿಹೊಟ್ಟೆಯ ಸಕ್ಕರೆ 112. ನೂರರಿಂದ 125ರವರೆಗಿನದು ಸಕ್ಕರೆ ಕಾಯಿಲೆಯ ಹೊಸ್ತಿಲು ಎಂದು ಡಾಕ್ಟರು ವಿವರಿಸಿದರು. ಅಪ್ಪನಿಗೆ ನಲವತ್ತೈದಕ್ಕೆ ಬಂದ ಕಾಯಿಲೆ ನನ್ನನ್ನು ಇಪ್ಪತ್ತೆಂಟಕ್ಕೇ ಹುಡುಕಿಕೊಂಡು ಬಂದಿತ್ತು. ಔಷಧಿ ಈಗಲೇ ಬೇಡ, ಅಭ್ಯಾಸ ಬದಲಾಯಿಸಿಕೊಳ್ಳಿ ಎಂದು ಹೇಳಿ ಕಳಿಸಿದರು. ಅಂಗಸಾಧನೆಯ ಚರಿತ್ರೆ ಬರೆಯುತ್ತಿದ್ದವನು ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುತ್ತಿದ್ದೆ. ಅದಕ್ಕೆ ಮೊದಲು ಮೂರು ಸಲ ಜಿಮ್‌ಗೆ ದುಡ್ಡು ಕಟ್ಟಿ, ಮೂರು ಸಲವೂ ಎರಡನೇ ತಿಂಗಳಿಗೆ ಬಿಟ್ಟಿದ್ದೆ. ಅಭ್ಯಾಸ ಬದಲಾಯಿಸುವುದು ಎಂದರೇನು, ಅದನ್ನು ಹಿಂದಿನವರು ಹೇಗೆ ಮಾಡುತ್ತಿದ್ದರು ಎಂಬುದನ್ನು ನನ್ನದೇ ಟಿಪ್ಪಣಿಗಳಲ್ಲಿ ಮತ್ತೆ ಹುಡುಕತೊಡಗಿದೆ. ಈ ಲೇಖನ ಆ ಹುಡುಕಾಟದ್ದು.

ಕನ್ನಡ ನಾಡಿನಲ್ಲಿ ಇದರ ಬಗ್ಗೆ ವಿವರವಾಗಿ ಹೇಳುವ ಹಳೆಯ ಗ್ರಂಥಗಳಲ್ಲಿ ಮುಖ್ಯವಾದದ್ದು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’. ಹನ್ನೆರಡನೇ ಶತಮಾನದ ಮೊದಲ ಭಾಗದಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದಲ್ಲಿ ‘ಮಲ್ಲವಿನೋದ’ ಎಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ, ಪಟ್ಟುಗಳ ತಿಳಿವಳಿಕೆಗಳ ಮೇಲೆ ವರ್ಗ ಮಾಡಿ, ಅವರು ಮಾಡಬೇಕಾದ ಶ್ರಮಗಳನ್ನು ಅದು ಹೆಸರಿಸಿ ಹೇಳುತ್ತದೆ. ಮರಳು ತುಂಬಿದ ಚೀಲದಂಥ ಭಾರವನ್ನು ಎತ್ತುವುದು ಭಾರಶ್ರಮ. ನಡೆಯುವುದು ಭ್ರಮಣಶ್ರಮ. ನೀರಿಗಿಳಿದು ಈಜುವುದು ಸಲಿಲಶ್ರಮ. ತೋಳಿಗೆ ತೋಳು ಕೊಟ್ಟು ಸೆಣಸುವುದು ಬಾಹುಪೆಲ್ಲಣಕ ಶ್ರಮ. ಕಂಬದ ಮೇಲೆ ಮಾಡುವುದು ಸ್ತಂಭಶ್ರಮ. ನಮ್ಮ ಮಲ್ಲಕಂಬದ ಹಿರಿಯಣ್ಣ. ಭಾರ ಎತ್ತುವುದು, ನಡೆಯುವುದು, ಈಜುವುದು. ಇವತ್ತಿನ ಡಾಕ್ಟರು ಬರೆದುಕೊಡುವ ಚೀಟಿಯಲ್ಲೂ ಇವೇ ಇರುತ್ತವೆ.

ಮೊದಲ ಸಲ ಇದನ್ನು ಓದಿದಾಗ ನನಗೆ ಹೆಮ್ಮೆ ಉಕ್ಕಿತ್ತು. ಎರಡನೇ ಸಲ ಓದುವಾಗ ಬೇರೆಯದು ಕಂಡಿತು. ಆ ಮಲ್ಲರು ದೊರೆಯ ಆಶ್ರಯದಲ್ಲಿದ್ದವರು. ಅವರ ಹಾಲು, ತುಪ್ಪ, ಕಾಳು, ಎಣ್ಣೆ ಅರಮನೆಯಿಂದ ಬರುತ್ತಿತ್ತು. ಬೆಳಿಗ್ಗೆ ಎದ್ದು ಭಾರ ಎತ್ತುವುದೇ ಅವರ ಉದ್ಯೋಗ. ಮುಂದೆ ಮೈಸೂರು ಅರಮನೆಯಲ್ಲೂ ಹೀಗೇ ನಡೆಯಿತು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಜಟ್ಟಿಗಳು ಬರುತ್ತಾರೆ. ಆ ಮನೆತನಗಳು ತಲೆಮಾರುಗಳ ಕಾಲ ಅರಮನೆಯ ಆಸರೆಯಲ್ಲಿ ಆ ವಿದ್ಯೆಯನ್ನು ಉಳಿಸಿಕೊಂಡವು. ಒಂದು ಮೈಯನ್ನು ಸ್ಥಿತಿಯಲ್ಲಿ ಇಡುವುದಕ್ಕೆ ಖರ್ಚಿದೆ, ಹೊತ್ತು ಬೇಕು, ಆ ಖರ್ಚನ್ನೂ ಹೊತ್ತನ್ನೂ ಯಾರೋ ಕೊಡಬೇಕು. ಅಭ್ಯಾಸದ ಬಗ್ಗೆ ಮಾತಾಡುವಾಗ ನಾವು ಸುಲಭವಾಗಿ ಮರೆಯುವ ಸಂಗತಿ ಇದು.

ಹಳ್ಳಿಯ ಗರಡಿಗೆ ಅರಮನೆ ಇರಲಿಲ್ಲ. ಅಲ್ಲಿ ಖರ್ಚು ಕೊಟ್ಟದ್ದು ಊರು. ನಮ್ಮೂರಿನ ಹಿರಿಯರು ಅದರ ಲೆಕ್ಕವನ್ನು ಬಾಯಲ್ಲೇ ಒಪ್ಪಿಸಿದರು. ಕೆರೆಯ ಕಡೆಯಿಂದ ಕೆಮ್ಮಣ್ಣು ತಂದು ಜರಡಿ ಹಿಡಿದು, ಅದಕ್ಕೆ ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆರಸ, ಕರ್ಪೂರ ಸೇರಿಸಿ ಮಟ್ಟಿ ಹದ ಮಾಡಬೇಕು. ಎಣ್ಣೆ ಒಬ್ಬರ ಮನೆಯದು, ಮಜ್ಜಿಗೆ ಇನ್ನೊಬ್ಬರದು. ಮಟ್ಟಿಯನ್ನು ದಿನವೂ ಗುದ್ದಲಿಯಿಂದ ಅಗೆದು ಮೆತ್ತಗೆ ಮಾಡಬೇಕು, ಆ ಕೆಲಸ ಹೊಸದಾಗಿ ಸೇರಿದ ಹುಡುಗರದು. ಅಗೆಯುವುದೇ ಅರ್ಧ ಸಾಮು ಎಂದರು. ಆಮೇಲೆ ದಂಡ, ಬಸ್ಕಿ, ಗದೆ, ಕಲ್ಲುಗುಂಡು, ಕೊನೆಗೆ ಜೊತೆ ಕಟ್ಟಿ ಪಟ್ಟು. ಬಾಗಿಲು ಚಿಕ್ಕದಾಗಿರುವುದಕ್ಕೆ ಎರಡು ಕಾರಣ ಹೇಳಿದರು. ಬೆವೆತ ಮೈಗೆ ತಣ್ಣನೆಯ ಗಾಳಿ ಬಡಿಯಬಾರದು ಎಂಬುದು ಒಂದು. ಎಂಥ ಪೈಲ್ವಾನನೂ ತಲೆ ತಗ್ಗಿಸಿಯೇ ಬರಬೇಕು ಎಂಬುದು ಇನ್ನೊಂದು.

ಇದಕ್ಕೆಲ್ಲ ವರ್ಷದ ಒಂದು ಗುರಿಯೂ ಇತ್ತು. ಸುಗ್ಗಿ ಕಳೆದು ಜಾತ್ರೆಗಳು ಶುರುವಾದರೆ ಊರೂರುಗಳಲ್ಲಿ ಕುಸ್ತಿ. ಬೆಂಗಳೂರಿನ ಕರಗದಲ್ಲಿ ಕತ್ತಿ ಹಿಡಿದು ನಡೆಯುವ ವೀರಕುಮಾರರಿಗೂ ಗರಡಿಗೂ ಇರುವ ನಂಟು ಎಲ್ಲರಿಗೂ ಗೊತ್ತು. ಹೊಸಕೋಟೆಯಲ್ಲೂ ಕರಗ ಉಂಟು. ಊರ ಮುಂದೆ ಮೈ ತೋರಿಸಬೇಕಾದ ಒಂದು ದಿನ ವರ್ಷದಲ್ಲಿ ಬಂದೇ ಬರುತ್ತದೆ ಎಂದು ಗೊತ್ತಿದ್ದವನು ಉಳಿದ ದಿನ ಸುಮ್ಮನೆ ಮಲಗಲಾರ. ಹೀಗೆ ಗರಡಿಯಲ್ಲಿ ಅಭ್ಯಾಸಕ್ಕೆ ಒಂದು ಜಾಗ, ಒಂದು ಹೊತ್ತು, ಜೊತೆಗಾರರು, ವರ್ಷದ ಒಂದು ಹಬ್ಬ ಇದ್ದವು. ಮನಸ್ಸು ಗಟ್ಟಿ ಮಾಡಿಕೊಳ್ಳುವ ಕೆಲಸವನ್ನು ಇವೆಲ್ಲ ಸೇರಿ ಮಾಡುತ್ತಿದ್ದವು. ಹಿರಿಯರಿಗೆ ನನ್ನ ಪ್ರಶ್ನೆ ಅರ್ಥವಾಗದಿದ್ದದ್ದು ಅದಕ್ಕೇ.

ಆದರೆ ಈ ಊರು ಎಂಬ ಮಾತಿನಲ್ಲಿ ಯಾರು ಯಾರು ಸೇರಿದ್ದರು? ಗರಡಿ ಎಲ್ಲರದ್ದೂ ಎಂದು ಹಿರಿಯರು ಹೇಳಿದ್ದರು. ಊರಾಚೆಯ ಕೇರಿಯಲ್ಲಿ ಅವರದೇ ವಯಸ್ಸಿನ ಒಬ್ಬರನ್ನು ಹೋಗಿ ಕೇಳಿದೆ. ಜಾತ್ರೆಯ ಕುಸ್ತಿಯನ್ನು ದೂರದಿಂದ ನೋಡಿದ್ದೇನೆ, ಗರಡಿಯ ಬಾಗಿಲವರೆಗೆ ಹೋದದ್ದಿಲ್ಲ ಎಂದರು. ಅವರಿಗೆ ಸಾಮು ಮಾಡುವ ಅಗತ್ಯವೂ ಇರಲಿಲ್ಲ, ದಿನವಿಡೀ ಇನ್ನೊಬ್ಬರ ಹೊಲದಲ್ಲಿ ಅಗೆಯುತ್ತಿದ್ದರು. ಹೆಂಗಸರ ಮಾತಂತೂ ಏಳುವುದೇ ಇಲ್ಲ. ಗರಡಿಯಲ್ಲಿ ಹುಡುಗರು ದಂಡ ಹೊಡೆಯುತ್ತಿದ್ದ ಅದೇ ಬೆಳಗಿನ ಜಾವದಲ್ಲಿ ನಮ್ಮಜ್ಜಿ ರಾಗಿ ಬೀಸುತ್ತಿದ್ದಳು. ಈ ಭಾಗದಲ್ಲಿ ರಾಗಿ ಎಷ್ಟು ಮುಖ್ಯವೆಂದರೆ, 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರು ಸುತ್ತಲಿನ ಖುಷ್ಕಿ ಬೆಳೆಗಳಲ್ಲಿ ಅದಕ್ಕೇ ಮೊದಲ ಸ್ಥಾನ ಕೊಟ್ಟು ವಿವರವಾಗಿ ಬರೆದಿದ್ದಾನೆ. ಅಷ್ಟು ರಾಗಿಯನ್ನು ಹಿಟ್ಟು ಮಾಡಿದ್ದು ಹೆಂಗಸರ ತೋಳು. ಅದನ್ನು ಯಾರೂ ಅಂಗಸಾಧನೆ ಎನ್ನಲಿಲ್ಲ, ಆ ತೋಳಿಗೆ ಯಾರೂ ಬಾದಾಮಿ ಹಾಲು ಕೊಡಲಿಲ್ಲ. ಊರಿಗೆ ಕರೆಂಟು ಬಂದು ಹಿಟ್ಟಿನ ಗಿರಣಿ ಆದಾಗ ಅಲ್ಲಿಗೆ ಹೋದ ಮೊದಲಿಗರಲ್ಲಿ ನಮ್ಮಜ್ಜಿಯೂ ಒಬ್ಬಳು. ಬೀಸುವ ಕಲ್ಲನ್ನು ಹಿತ್ತಲಿಗೆ ಉರುಳಿಸಿದ ದಿನ ಪಾಯಸ ಮಾಡಿದ್ದಳಂತೆ. ಹಿಂದಿನವರು ಕಷ್ಟಪಟ್ಟು ಗಟ್ಟಿಯಾಗಿದ್ದರು ಎಂದು ಯಾರಾದರೂ ಹೇಳಿದಾಗ ನನಗೆ ಆ ಪಾಯಸ ನೆನಪಾಗುತ್ತದೆ.

ಗರಡಿಯ ಈ ಚಿಕ್ಕ ಬಾಗಿಲನ್ನು ದಾಟಿ ಕಸರತ್ತು ಹೊರಗೆ ಬಂದದ್ದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ. ಅದನ್ನು ಹೊರತಂದವರಲ್ಲಿ ಒಬ್ಬರನ್ನು ಕನ್ನಡ ಓದುಗರು ಬೇರೆ ಕಾರಣಕ್ಕೆ ಬಲ್ಲರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್. ಕೋಲಾರ ಸೀಮೆಯ ದೇವರಾಯಸಮುದ್ರದವರು. ಆ ಕಡೆಯಿಂದ ಬೆಂಗಳೂರಿಗೆ ಬರುವ ಹಳೆಯ ಮದ್ರಾಸು ರಸ್ತೆ ನಮ್ಮ ಹೊಸಕೋಟೆಯ ಮೇಲೇ ಹಾದುಹೋಗುತ್ತದೆ. ಬೆಂಗಳೂರಿನಲ್ಲಿ 1920ರ ದಶಕದಲ್ಲಿ ಅಯ್ಯರ್ ವ್ಯಾಯಾಮಶಾಲೆ ಶುರು ಮಾಡಿದರು. ಅದಕ್ಕೆ ಹರ್ಕ್ಯುಲಿಸ್ ಜಿಮ್ನಾಸಿಯಂ ಎಂಬ ಹೆಸರಿತ್ತು. 1940ರಲ್ಲಿ ಅದು ಜೆ.ಸಿ. ರಸ್ತೆಯ ಹೊಸ ಕಟ್ಟಡಕ್ಕೆ ಬಂತು. ಅವರ ಫೋಟೋಗಳು ವಿಲಾಯಿತಿಯ ವ್ಯಾಯಾಮ ಪತ್ರಿಕೆಗಳಲ್ಲಿ ಬರುತ್ತಿದ್ದವು. ಭಾರ ಎತ್ತುವುದನ್ನೂ ಹಠಯೋಗವನ್ನೂ ಒಟ್ಟಿಗೆ ಕಲಿಸಿದ ಅವರು ಇಂಗ್ಲಿಷಿನಲ್ಲಿ ಬರೆದ ವ್ಯಾಯಾಮದ ಪುಸ್ತಕಗಳಲ್ಲಿ ಸೂರ್ಯನಮಸ್ಕಾರದ ಮೇಲಿನ ಒಂದು ಪುಸ್ತಕ 1937ರದ್ದು.

ನನ್ನ ವಿಷಯಕ್ಕೆ ಬಹಳ ಮುಖ್ಯವಾಗಿ ಕಂಡದ್ದು ಇವುಗಳಲ್ಲಿ ಯಾವುದೂ ಅಲ್ಲ. ಅಯ್ಯರ್ ಅಂಚೆಯ ಮೂಲಕ ಕಸರತ್ತು ಕಲಿಸುತ್ತಿದ್ದರು. ಆಗ ಈ ಮಾದರಿ ಯುರೋಪಿನಲ್ಲಿ ಆಗಲೇ ಬಳಕೆಯಲ್ಲಿತ್ತು. ಪ್ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಯೂಜೆನ್ ಸ್ಯಾಂಡೊ ಪುಸ್ತಕ, ಸಾಧನ, ಅಂಚೆಪಾಠಗಳಿಂದ ಕಸರತ್ತನ್ನು ಮನೆಮನೆಗೆ ತಲುಪಿಸಿದವನು. 1904-05ರಲ್ಲಿ ಭಾರತಕ್ಕೂ ಬಂದು ಹೋದ. ಸಾತಾರಾ ಸೀಮೆಯ ಪುಟ್ಟ ಸಂಸ್ಥಾನ ಔಂಧದ ರಾಜ ಭವಾನರಾವ್ ಪಂತ ಪ್ರತಿನಿಧಿ ವರ್ಷಗಟ್ಟಲೆ ಸ್ಯಾಂಡೊ ಪದ್ಧತಿಯಲ್ಲಿ ಅಂಗಸಾಧನೆ ಮಾಡಿ, ಆಮೇಲೆ ಸೂರ್ಯನಮಸ್ಕಾರಕ್ಕೆ ಹೊರಳಿ, ಅದನ್ನು ತನ್ನ ಸಂಸ್ಥಾನದ ಶಾಲೆಗಳಲ್ಲಿ ತಂದ. ಸಾಧನ ಬೇಡ, ಮೈದಾನ ಬೇಡ, ಆರು ಅಡಿ ಜಾಗ ಸಾಕು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ತೆರೆಯಿತು. ಮರುವರ್ಷವೇ ಅವರು ಕನ್ನಡದಲ್ಲಿ ‘ಯೋಗ ಮಕರಂದ’ ಬರೆದರು.

ಈ ಎಲ್ಲದರಿಂದ ಆದ ಬದಲಾವಣೆ ದೊಡ್ಡದು. ಪೇಟೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ ಗುಮಾಸ್ತ, ಹಾಸ್ಟೆಲಿನ ವಿದ್ಯಾರ್ಥಿ, ಯಾವ ಗರಡಿಯ ಜಾತಿಗೂ ಕೇರಿಗೂ ಸೇರದವನು, ಅಂಚೆಯ ಖರ್ಚು ಇದ್ದರೆ ಸಾಕು, ಕಸರತ್ತು ಕಲಿಯಬಹುದಾಯಿತು. ಬಗ್ಗಬೇಕಾದ ಬಾಗಿಲೂ ಇಲ್ಲ, ತಡೆಯುವವರೂ ಇಲ್ಲ. ಚರಿತ್ರೆಯ ದೃಷ್ಟಿಯಿಂದ ಇದನ್ನು ನಾನು ಬಿಡುಗಡೆ ಎಂದೇ ನೋಡುತ್ತೇನೆ. ಅದೇ ಹೊತ್ತಿಗೆ ಇನ್ನೊಂದೂ ಆಯಿತು. ಅಂಚೆಯಲ್ಲಿ ಪಾಠ ಬರುತ್ತದೆ, ಉಸ್ತಾದ ಬರುವುದಿಲ್ಲ. ಬೆಳಿಗ್ಗೆ ಏಳದಿದ್ದರೆ ಬಾಗಿಲು ತಟ್ಟುವವರಿಲ್ಲ. ಮಟ್ಟಿ ಅಗೆಯುವ ಸರದಿ ಇಲ್ಲ. ಎದುರಿಗೆ ಕನ್ನಡಿ ಮಾತ್ರ. ಅಲ್ಲಿಯವರೆಗೆ ಊರಿನ ಹೊಣೆಯಾಗಿದ್ದದ್ದು ಒಬ್ಬನ ಸಂಕಲ್ಪಶಕ್ತಿಯ ಮೇಲೆ ಬಿತ್ತು. ಸಂಕಲ್ಪ ಸೋತರೆ ತಪ್ಪೂ ಅವನೊಬ್ಬನದೇ. ನನ್ನ ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪು ಆ ಅಂಚೆಪಾಠದ ಮೊಮ್ಮಗ ಎಂದು ನನಗೆ ಅನಿಸುತ್ತದೆ. ನಾನು ನಡೆಯದಿದ್ದ ದಿನ ಅದು ಒಂದು ಗಂಟೆ ಬಾರಿಸುತ್ತದೆ. ಬೆರಳಿಂದ ಪಕ್ಕಕ್ಕೆ ಸರಿಸಿದರೆ ಸುಮ್ಮನಾಗುತ್ತದೆ.

ಅಭ್ಯಾಸ ಮನುಷ್ಯನನ್ನು ಏನು ಮಾಡುತ್ತದೆ ಎಂಬುದನ್ನು ಅಯ್ಯರ್ ಚೆನ್ನಾಗಿ ಬಲ್ಲವರಾಗಿದ್ದರು ಎನ್ನುವುದಕ್ಕೆ ನನಗೆ ಸಾಕ್ಷಿಯಾಗಿ ಕಾಣುವುದು ಅವರ ಕಾದಂಬರಿ ‘ರೂಪದರ್ಶಿ’. ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿ ಕೂತ ಮುಗ್ಧ ಮಗುವೇ ಎಷ್ಟೋ ವರ್ಷಗಳ ಮೇಲೆ, ಬಾಳು ಕೆಟ್ಟು, ಮುಖ ಕೆಟ್ಟು, ಜುದಾಸನ ಚಿತ್ರಕ್ಕೆ ರೂಪದರ್ಶಿಯಾಗಿ ಸಿಗುವ ಕತೆ ಅದು. ಇದನ್ನು ಪಾಪಪುಣ್ಯದ ಕತೆಯಾಗಿ ಎಲ್ಲರೂ ಓದಿದ್ದೇವೆ. ದಿನವೂ ಬೆಳಿಗ್ಗೆ ಹುಡುಗರ ತೋಳು, ಎದೆ, ಬೆನ್ನು ತಿಂಗಳಿಂದ ತಿಂಗಳಿಗೆ ಬದಲಾಗುವುದನ್ನು ನೋಡುತ್ತಿದ್ದ ಒಬ್ಬ ವ್ಯಾಯಾಮದ ಮೇಷ್ಟರು ಬರೆದದ್ದು ಎಂದುಕೊಂಡು ಓದಿದಾಗ ನನಗೆ ಅದು ಬೇರೆಯಾಗಿ ಕೇಳಿಸಿತು. ದಿನದಿನದ ಚಿಕ್ಕ ಚಿಕ್ಕ ನಡತೆಗಳು ಕೂಡುತ್ತ ಹೋಗಿ ಒಂದು ದಿನ ಮುಖದಲ್ಲಿ, ಮೈಯಲ್ಲಿ ಕಾಣಿಸಿಕೊಳ್ಳುತ್ತವೆ. ಬದಲಾಗುವಾಗ ಬದಲಾಗುತ್ತಿರುವವನಿಗೇ ಗೊತ್ತಾಗುವುದಿಲ್ಲ. ನನ್ನ ಆ 112 ಕೂಡ ಒಂದು ರಾತ್ರಿಯಲ್ಲಿ ಆದದ್ದಲ್ಲ.

ಅದೇ ಮದ್ರಾಸು ರಸ್ತೆಯಲ್ಲಿ ಹೊಸಕೋಟೆ ದಾಟಿ ಕೋಲಾರದ ಕಡೆ ಹೋದರೆ ನರಸಾಪುರದ ಬಳಿ ಬೆಳ್ಳೂರು ಸಿಗುತ್ತದೆ. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು ಅಲ್ಲಿ, 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಮಹಾಮಾರಿ ಹಬ್ಬಿದ್ದ ವರ್ಷ. ತಾಯಿಗೂ ಅದು ತಗುಲಿತ್ತು. ಹುಟ್ಟಿದ ಮಗು ತೀರ ದುರ್ಬಲ. ಮುಂದೆ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದಾದ ಮೇಲೊಂದು. ಒಂಬತ್ತನೇ ವಯಸ್ಸಿಗೆ ತಂದೆಯೂ ಹೋದರು. ಆ ಹುಡುಗ 1934ರಲ್ಲಿ ಮೈಸೂರಿನ ಅಕ್ಕನ ಮನೆಗೆ ಹೋದದ್ದು ಯೋಗ ಕಲಿಯುವ ಸಂಕಲ್ಪದಿಂದಲ್ಲ. ಭಾವ ಕೃಷ್ಣಮಾಚಾರ್ಯರು ಕರೆದರು, ಹೋದ. ಅವರೂ ಮೊದಲಿಗೆ ಈ ಬಡಕಲು ಹುಡುಗನ ಕಡೆ ಗಮನ ಕೊಡಲಿಲ್ಲ. ಮುಖ್ಯ ಶಿಷ್ಯನೊಬ್ಬ ಬಿಟ್ಟುಹೋದ ಮೇಲೆ, ಪ್ರದರ್ಶನಕ್ಕೆ ಒಬ್ಬರು ಬೇಕಾಗಿ, ಇವನನ್ನು ಹಿಡಿದು ತಿದ್ದಿದರು. ಆ ಗುರು ಎಷ್ಟು ಕಠಿಣವಾಗಿದ್ದರು ಎಂದು ಅಯ್ಯಂಗಾರರೇ ಮುಂದೆ ಹೇಳಿಕೊಂಡಿದ್ದಾರೆ. 1937ರಲ್ಲಿ ಪುಣೆಗೆ ಹೋದರು, 1966ರಲ್ಲಿ ಅವರ ‘ಲೈಟ್ ಆನ್ ಯೋಗ’ ಬಂತು, 2014ರಲ್ಲಿ ತೊಂಬತ್ತೈದನೇ ವಯಸ್ಸಿನಲ್ಲಿ ತೀರಿಕೊಂಡರು. ಇಳಿವಯಸ್ಸಿನಲ್ಲೂ ದಿನದ ಅಭ್ಯಾಸ ಬಿಡಲಿಲ್ಲ. ಅವರ ಸಾಧನೆಯನ್ನು ಒಬ್ಬನ ಛಲದ ಕತೆಯಾಗಿ ಹೇಳುವುದು ರೂಢಿ. ಛಲ ಇದ್ದದ್ದು ನಿಜ. ಆದರೆ ಅದರ ಬುಡದಲ್ಲಿ ಕರೆಸಿಕೊಂಡ ಒಂದು ಮನೆ ಇತ್ತು, ನಿತ್ಯ ಹೋಗಬೇಕಾದ ಒಂದು ಶಾಲೆ ಇತ್ತು. ಹುಡುಗ ಬಂದನೋ ಇಲ್ಲವೋ ಎಂದು ನೋಡುವ ಎರಡು ಕಣ್ಣುಗಳೂ ಇದ್ದವು.

ಇನ್ನು ನಮ್ಮ ಕಾಲಕ್ಕೆ ಬರೋಣ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮೈಯ ದುಡಿಮೆ ಒಂದೇ ತಲೆಮಾರಿನಲ್ಲಿ ಬದಲಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ದೊಡ್ಡಬಳ್ಳಾಪುರದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳು, ದಾಬಸ್‌ಪೇಟೆಯಲ್ಲಿ ಕೈಗಾರಿಕೆಗಳು, ಹೊಸಕೋಟೆಯ ಸುತ್ತ ಗೋದಾಮುಗಳು ಬಂದವು. ನನ್ನ ಜೊತೆ ಶಾಲೆಗೆ ಬಂದವರಲ್ಲಿ ಹೆಚ್ಚಿನವರು ಶಿಫ್ಟಿನಲ್ಲಿ ದುಡಿಯುತ್ತಾರೆ. ಒಂದು ವಾರ ಹಗಲು, ಒಂದು ವಾರ ರಾತ್ರಿ. ಬೆಳಗಿನ ಜಾವ ನಾಲ್ಕೂವರೆ ಎಂಬ ಹೊತ್ತು ಅವರಲ್ಲಿ ಕೆಲವರಿಗೆ ಏಳುವ ಹೊತ್ತು, ಕೆಲವರಿಗೆ ಮಲಗುವ ಹೊತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಆ ಎರಡನೇ ಲೆಕ್ಕದಲ್ಲಿ ನಾನೂ ಒಬ್ಬ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ಮೈ ಆಡಿಸಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಇದು ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿರುವುದು ಅಭ್ಯಾಸವಾಗುವುದು ಹೇಗೆ ಎನ್ನುವುದೇ ತೊಡಕು.

ಇದಕ್ಕೆ ನನಗೆ ಎರಡು ಕಡೆ ಉತ್ತರದ ತುಣುಕುಗಳು ಸಿಕ್ಕವು. ಒಂದು ಚರಕ ಸಂಹಿತೆಯಲ್ಲಿ. ಬಹಳ ದಿನದಿಂದ ಅಂಟಿದ ಕೆಟ್ಟ ರೂಢಿಯನ್ನು ಒಮ್ಮೆಲೇ ಕಿತ್ತೆಸೆಯಬಾರದು, ಕಾಲು ಭಾಗ ಬಿಡಬೇಕು, ಆ ಜಾಗಕ್ಕೆ ಒಳ್ಳೆಯದನ್ನು ಕಾಲು ಭಾಗ ಸೇರಿಸಬೇಕು, ನಡುವೆ ದಿನಗಳ ಬಿಡುವು ಕೊಟ್ಟು ಮುಂದಿನ ಕಾಲಿಗೆ ಹೋಗಬೇಕು ಎನ್ನುತ್ತದೆ ಅದು. ಇದಕ್ಕೆ ಪಾದಾಂಶಿಕ ಕ್ರಮ ಎಂದು ಹೆಸರು. ವಾಗ್ಭಟ ಇನ್ನೂ ಇಳಿದು, ಕಾಲಿನ ಕಾಲು ಭಾಗವಾದರೂ ಆದೀತು ಎನ್ನುತ್ತಾನೆ. ನಮ್ಮ ಹಳೆಯ ಲೆಕ್ಕದಲ್ಲಿ ಅದು ಒಂದು ವೀಸ. ವ್ಯಾಯಾಮವನ್ನೂ ಅರ್ಧ ಶಕ್ತಿ ಮುಗಿಯುವವರೆಗೆ ಮಾತ್ರ ಮಾಡು ಎಂದವನು ಅವನು. ನಾನು ಜಿಮ್‌ಗೆ ಸೇರಿದ ಮೂರು ಸಲವೂ ಮೊದಲ ದಿನವೇ ಪೂರ್ತಿ ಶಕ್ತಿ ಸುರಿದು, ನಾಲ್ಕು ದಿನ ಮೆಟ್ಟಿಲು ಇಳಿಯಲಾರದೆ ಕೂತವನು.

ಇನ್ನೊಂದು ತುಣುಕು ಲಂಡನ್ನಿನದು. ಅಲ್ಲಿಯ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ಒಂದೊಂದು ಚಿಕ್ಕ ಹೊಸ ಅಭ್ಯಾಸವನ್ನು ಆರಿಸಿಕೊಳ್ಳಲು ಹೇಳಿ, ದಿನದ ಒಂದು ಗೊತ್ತಾದ ಸಂದರ್ಭಕ್ಕೆ ಅದನ್ನು ಕಟ್ಟಿಸಿ, ಹನ್ನೆರಡು ವಾರ ಗಮನಿಸಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಬೇಕಾದ ದಿನಗಳ ಮಧ್ಯಾಂಕ 66. ಬೇಗ ಆದವರಿಗೆ 18, ತಡವಾದವರಿಗೆ 254 ಎಂಬ ಅಂದಾಜು. ನೀರು ಕುಡಿಯುವಂಥದ್ದು ಬೇಗ ಕೂತಿತು, ಕಸರತ್ತು ತಡವಾಯಿತು. ಒಂದು ದಿನ ತಪ್ಪಿದ್ದರಿಂದ ಕೆಲಸ ಕೆಡಲಿಲ್ಲ. ನಮ್ಮಲ್ಲಿ ವ್ರತಕ್ಕಾಗಲಿ ಔಷಧಿಗಾಗಲಿ ಒಂದು ಮಂಡಲ, ಅಂದರೆ 48 ದಿನ ಎಂದು ಲೆಕ್ಕ ಹಾಕುತ್ತಾರೆ. ಎರಡೂ ಲೆಕ್ಕ ನನಗೆ ಹೇಳಿದ್ದು ಒಂದೇ. ಮೊದಲ ತಿಂಗಳಲ್ಲಿ ಬೇಸರವಾದರೆ ಅದು ನನ್ನ ಸ್ವಭಾವದ ಕೊರತೆಯಲ್ಲ, ಕಾಲ ಇನ್ನೂ ಕೂಡಿಬಂದಿಲ್ಲ ಅಷ್ಟೆ.

ಈ ಓದಿನಿಂದ ನನಗೆ ಆದ ತೀರ್ಮಾನ ಸರಳವಾದದ್ದು. ಗರಡಿಯಲ್ಲಿ ಜೊತೆ ಇತ್ತು, ಬಾಗಿಲು ಚಿಕ್ಕದಿತ್ತು. ಅಂಚೆಯ ಕಸರತ್ತಿಗೆ ಬಾಗಿಲೇ ಇರಲಿಲ್ಲ, ಜೊತೆಯೂ ಇರಲಿಲ್ಲ. ಬಾಳಿಕೆ ಬರುವ ಅಭ್ಯಾಸಕ್ಕೆ ಎರಡರಲ್ಲಿಯ ಒಳ್ಳೆಯದೂ ಬೇಕು. ಎಲ್ಲರೂ ಹೋಗಬಹುದಾದ ಜಾಗ, ಒಂದು ಗೊತ್ತಾದ ಹೊತ್ತು, ವೀಸದಷ್ಟು ಚಿಕ್ಕ ಆರಂಭ, ಬರಲಿಲ್ಲವಲ್ಲ ಎಂದು ಕೇಳುವ ಒಬ್ಬ ಮನುಷ್ಯ. ಕೊನೆಯದನ್ನು ನಾವು ಆರೋಗ್ಯದ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಡಾಕ್ಟರ ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ.

ನಾನು ಶುರು ಮಾಡಿದ್ದು ಹತ್ತು ಬಸ್ಕಿಯಿಂದ. ಹಲ್ಲುಜ್ಜಿದ ಮೇಲೆ, ಕಾಫಿಗೆ ಮೊದಲು. ಕಾಫಿಯ ಸಕ್ಕರೆಯನ್ನು ಕಾಲು ಕಾಲಾಗಿ ಇಳಿಸಿದೆ. ಸಂಜೆ ಕೆರೆ ಏರಿಯ ಮೇಲೆ ನಡೆಯಲು ಅಪ್ಪನನ್ನೂ ಕರೆದೆ. ಅಪ್ಪ ಮಾತ್ರೆಯನ್ನು ಬಿಟ್ಟಿಲ್ಲ, ಬಿಡುವುದೂ ಬೇಡ. ನಡಿಗೆ ಮಾತ್ರ ಈಗ ಅವರದೇ. ನಾನು ಬೆಂಗಳೂರಿನಲ್ಲಿ ಉಳಿದ ದಿನ ಅವರು ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗುತ್ತಾರೆ. ಗರಡಿಯಿಂದ ಶಾಮಿಯಾನದ ಗಳುಗಳನ್ನು ಇನ್ನೂ ತೆಗೆದಿಲ್ಲ, ಆ ಬಗ್ಗೆ ಊರಲ್ಲಿ ಎರಡು ಪಂಗಡವಿದೆ. ಬೀಗದ ಹಿರಿಯರು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದುಕೊಡುತ್ತಾರೆ. ನಾವು ಐದಾರು ಜನ ಗುಂಡಿಯ ಒಂದು ಮೂಲೆಯನ್ನಷ್ಟೇ ಅಗೆದಿದ್ದೇವೆ. ಊರಾಚೆಯ ಕೇರಿಯ ಇಬ್ಬರು ಹುಡುಗರು ಬರುತ್ತಾರೆ. ನನ್ನ ತಂಗಿ ಒಂದು ಸಲ ಬಂದು, ಮಣ್ಣು ನೋಡಿ, ಇದಕ್ಕಿಂತ ಕೆರೆ ಏರಿಯೇ ವಾಸಿ ಎಂದು ಹೋದಳು. ಈಗ ಅಮ್ಮನನ್ನೂ ಕರೆದುಕೊಂಡು ಏರಿಯ ಮೇಲೆ ನಡೆಯುತ್ತಾಳೆ.

ಮೂರು ತಿಂಗಳ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಸಕ್ಕರೆ 106 ಬಂತು. ಹೊಸ್ತಿಲು ಇನ್ನೂ ದಾಟಿಲ್ಲ, ಅದರ ಮೇಲೇ ಇದ್ದೇನೆ. ಕಳೆದ ತಿಂಗಳು ದಾಖಲೆ ನೋಡಲು ಮೈಸೂರಿಗೆ ಹೋಗಿ ಹತ್ತು ದಿನ ಲಾಡ್ಜಿನಲ್ಲಿದ್ದೆ. ಮೊದಲ ನಾಲ್ಕು ದಿನ ಏನೂ ಮಾಡಲಿಲ್ಲ. ಐದನೇ ದಿನ ಭಾನುವಾರ, ಬೆಳಿಗ್ಗೆ ಆರಕ್ಕೆ ಫೋನು ಬಂತು. ಬೀಗದ ಹಿರಿಯರು. “ಏನಪ್ಪ, ಕಾಣ್ಲಿಲ್ವಲ್ಲ?” ಊರಲ್ಲಿಲ್ಲ ಎಂದೆ. “ಅಲ್ಲೇ ಹೊಡಿ. ಎಷ್ಟಾಯ್ತು ಈಗ?” ಇಪ್ಪತ್ತೈದು ಎಂದೆ. ಅವರು ಫೋನು ಇಡಲಿಲ್ಲ. ನಾನು ಫೋನನ್ನು ಮೇಜಿನ ಮೇಲಿಟ್ಟು, ಅವರಿಗೆ ಕೇಳಿಸುವ ಹಾಗೆ ಎಣಿಸತೊಡಗಿದೆ.